ಏಳು ಗಂಟೆ ನಿದ್ದೆ

ಮೇಘಾ ಮೆಕ್ಸಿಕೊದಿಂದ ಬೆಂಗಳೂರಿಗೆ ಬಂದಿಳಿದದ್ದು ಗುರುವಾರ ಬೆಳಿಗ್ಗೆ. ಭಾರತದ ಮಹಿಳಾ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿ ಅಲ್ಲಿ ಎರಡು ಸ್ನೇಹ ಪಂದ್ಯ ಆಡಿ, ಮೂರು ವಿಮಾನ ಹತ್ತಿಳಿದು, ಮೂವತ್ತನಾಲ್ಕು ಗಂಟೆ ಪ್ರಯಾಣ ಮಾಡಿದ್ದಳು. ಶನಿವಾರ ಮಧ್ಯಾಹ್ನ ಮೂರೂವರೆಗೆ ಮಾಕಳಿಯ ಹತ್ತಿರದ ಮೈದಾನದಲ್ಲಿ ಅವಳ ಕ್ಲಬ್ಬಿಗೆ ಲೀಗ್ ಪಂದ್ಯವಿತ್ತು. ಇಲ್ಲಿ ಮಧ್ಯಾಹ್ನ ಮೂರೂವರೆ ಎಂದರೆ ಮೆಕ್ಸಿಕೊದಲ್ಲಿ ಬೆಳಗಿನ ಜಾವ ನಾಲ್ಕು. ಹನ್ನೆರಡು ದಿನ ಅಲ್ಲಿದ್ದ ಮೈಗೆ ಈ ಊರಿನ ಹೊತ್ತು ಇನ್ನೂ ಒಗ್ಗಿರಲಿಲ್ಲ.

ನಾಗಸಂದ್ರದ ಮನೆಯಲ್ಲಿ ಅವಳಿಗೆ ಒಂದು ಕಡೆ ಕೂತಿರಲು ಆಗಲಿಲ್ಲ. ಮಲಗಿದರೆ ಕಾಲುಗಳು ತಾವಾಗಿಯೇ ಆಡುತ್ತಿದ್ದವು. ಎದ್ದರೆ ತಲೆ ಭಾರ. ಊಟದ ಹೊತ್ತಿಗೆ ಹಸಿವಿಲ್ಲ, ಹಸಿವಾದಾಗ ಅಡುಗೆಮನೆಯ ದೀಪ ಆರಿರುತ್ತಿತ್ತು. ಶುಕ್ರವಾರ ನಸುಕಿನಲ್ಲಿ ಎದ್ದ ತಾಯಿ ಮಹಾಂತಮ್ಮನಿಗೆ, ಮಗಳು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಉಜ್ಜುತ್ತ ನಿಂತದ್ದು ಕಾಣಿಸಿತು.

ಅವಳ ತಂದೆ ಶೇಖರಪ್ಪ ದಾವಣಗೆರೆ ಕಡೆಯವರು. ಇಪ್ಪತ್ತೆಂಟು ವರ್ಷದಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಲೋಹದ ತಗಡು ಒತ್ತಿ ಕತ್ತರಿಸುವ ಪ್ರೆಸ್ ವಿಭಾಗದಲ್ಲಿ ಸೂಪರ್‌ವೈಸರ್. ತಿಂಡಿಗೆ ಕೂತಾಗ ಮಗಳ ಮುಖ ನೋಡಿದರು.

“ಏನವ್ವಾ, ಕಣ್ಣು ಹಿಂಗಾಗಿದಾವಲ್ಲ?”

“ಏನಿಲ್ಲ ಅಪ್ಪಾಜಿ. ಎರಡು ದಿನದಲ್ಲಿ ಸರಿಹೋಗುತ್ತೆ.”

“ರಾತ್ರಿ ಶಿಫ್ಟಿಂದ ಹಗಲು ಶಿಫ್ಟಿಗೆ ಬಂದೋರನ್ನ ನಾನು ಮೂರು ದಿನ ಪ್ರೆಸ್ ಹತ್ರಕ್ಕೇ ಬಿಡಲ್ಲ. ಪ್ಯಾಕಿಂಗಿಗೆ ಹಾಕ್ತೀನಿ. ಬೆರಳು ಹೋದಮೇಲೆ ಬರಲ್ಲ.”

“ನಾನು ಮೆಷಿನ್ ಓಡ್ಸಲ್ಲ ಅಪ್ಪಾಜಿ” ಎಂದು ಅವಳು ಅರ್ಧ ದೋಸೆ ಬಿಟ್ಟು ಎದ್ದಳು.

ಕ್ಲಬ್ಬಿನ ಆಟಗಾರ್ತಿಯರೆಲ್ಲ ದಿನಾ ಬೆಳಿಗ್ಗೆ, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದೆವು ಎಂದು ಮೊಬೈಲಿನ ಫಾರ್ಮಿನಲ್ಲಿ ತುಂಬಬೇಕಿತ್ತು. ಫಿಸಿಯೊ ಶೈಲಜಾ ಅದನ್ನು ನೋಡಿ ಯಾರು ಆಡಬಹುದು, ಯಾರು ಬೇಡ ಎಂದು ಕೋಚ್‌ಗೆ ಹೇಳುತ್ತಿದ್ದರು. ಹೋದ ವರ್ಷ ಜಪಾನಿನಿಂದ ಬಂದಾಗ ಮೇಘಾ ನಿಜ ಬರೆದಿದ್ದಳು. ಎರಡು ಪಂದ್ಯ ಹೊರಗೆ ಕೂರಿಸಿದರು, ಎರಡನ್ನೂ ತಂಡ ಸೋತಿತು. ದೇಶಕ್ಕಾದರೆ ಹುಮ್ಮಸ್ಸು, ಕ್ಲಬ್ಬಿಗಾದರೆ ಸುಸ್ತು ಎಂದು ಕ್ಲಬ್ಬಿನ ಅಂತರ್ಜಾಲ ಪುಟದಲ್ಲಿ ಯಾರೋ ಬರೆದರು, ನೂರಾರು ಜನ ಅದನ್ನು ಮೆಚ್ಚಿದರು. ಆ ಮಾತು ಅವಳನ್ನು ಬಹಳ ದಿನ ಚುಚ್ಚಿತ್ತು. ಈ ಸಲ ಎರಡೂವರೆ ಗಂಟೆ ಮಲಗಿದ್ದವಳು ಏಳು ಗಂಟೆ ಎಂದು ತುಂಬಿ ಕಳಿಸಿದಳು.

ಶುಕ್ರವಾರದ ಅಭ್ಯಾಸದಲ್ಲಿ ಅವಳತ್ತ ಚೆಂಡು ಹೊಡೆಯುತ್ತಿದ್ದವಳು ತಂಡದ ಎರಡನೇ ಗೋಲ್‌ಕೀಪರ್ ಯಾಮಿನಿ. ಮೂವತ್ತೊಂದು ವಯಸ್ಸು, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರ ಆಫೀಸಿನಲ್ಲಿ ಕೆಲಸ. ನಾಲ್ಕು ವರ್ಷದಿಂದ ಊರಿನ ಆ ತುದಿಯಿಂದ ಈ ತುದಿಗೆ ಬಂದು ಅಭ್ಯಾಸ ಮಾಡುತ್ತಿದ್ದಳು, ಪಂದ್ಯದ ದಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ಅವಳು ಚೆಂಡನ್ನು ಕಾಲಡಿ ನಿಲ್ಲಿಸಿ ಹತ್ತಿರ ಬಂದಳು.

“ಮೇಘಾ, ಚೆಂಡು ದಾಟಿ ಹೋದ ಮೇಲೆ ಕೈ ಮುಚ್ತಿದ್ದೀಯ.”

“ಗ್ಲೌಸ್ ಹೊಸದು, ಅಕ್ಕ.”

“ಗ್ಲೌಸ್ ಅಲ್ಲ ಕಣೇ. ನಿದ್ದೆ ಮಾಡಿಲ್ಲ ನೀನು. ಶೈಲಜಾ ಮೇಡಂಗೆ ಹೇಳು.”

ಮೇಘಾಳಿಗೆ ಥಟ್ಟನೆ ಸಿಟ್ಟು ಬಂತು. “ಹೇಳಿದ್ರೆ ನಿಮಗೆ ಆಡೋಕೆ ಸಿಗುತ್ತೆ ಅಲ್ವಾ?”

ಯಾಮಿನಿ, “ಸಿಗುತ್ತೆ. ಅದಕ್ಕೇ ನಾನು ಹೋಗಿ ಹೇಳೋ ಹಾಗಿಲ್ಲ. ನೀನೇ ಹೇಳ್ಬೇಕು” ಎಂದು ಹಿಂದೆ ಹೋಗಿ ಮತ್ತೆ ಚೆಂಡು ಹೊಡೆದಳು.

ಅಭ್ಯಾಸ ಮುಗಿದ ಮೇಲೆ ಕೋಚ್ ವಿಶ್ವನಾಥ್ ಬಂದರು. “ಮೇಘಾ, ಫಿಟ್ ತಾನೆ?”

“ಫಿಟ್ ಸಾರ್.”

ಅವರು ಮತ್ತೇನೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆಯೂ ಅವಳು ಏಳು ಗಂಟೆ ಎಂದೇ ಫಾರ್ಮು ತುಂಬಿದಳು. ಪಂದ್ಯದ ಮೊದಲರ್ಧ ಚೆನ್ನಾಗಿಯೇ ಹೋಯಿತು. ಎದುರಾಳಿಗಳು ಮೇಲಿಂದ ಮೇಲೆ ನುಗ್ಗಿ ಬರುತ್ತಿದ್ದರಿಂದ ಅವಳಿಗೆ ಮಂಕು ಕವಿಯಲು ಬಿಡುವೇ ಇರಲಿಲ್ಲ. ಎರಡು ಚೆಂಡು ತಡೆದಳು. ವಿರಾಮದಲ್ಲಿ ಮೂರು ಲೋಟ ಕಾಫಿ ಕುಡಿದಳು. ಎರಡನೇ ಅರ್ಧದಲ್ಲಿ ಅವಳ ತಂಡವೇ ಒಂದು ಗೋಲು ಹೊಡೆಯಿತು. ಆಟವೆಲ್ಲ ಆ ಕಡೆಗೇ ಸರಿಯಿತು. ಕಷ್ಟ ಶುರುವಾದದ್ದು ಆಗ. ಬಿಸಿಲಲ್ಲಿ ಒಬ್ಬಳೇ ನಿಂತವಳಿಗೆ ತುಮಕೂರು ರಸ್ತೆಯ ಲಾರಿಗಳ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಕೆನ್ನೆಗೆ ಹೊಡೆದುಕೊಂಡಳು. ಕಂಬದಿಂದ ಕಂಬಕ್ಕೆ ನಡೆದಳು. ನಾಲಿಗೆ ಕಚ್ಚಿಕೊಂಡಳು. ಕಣ್ಣು ತೆರೆದೇ ಇತ್ತು, ಆದರೂ ಎಲ್ಲೋ ಒಂದು ಕ್ಷಣ ಅವಳು ಅಲ್ಲಿರಲಿಲ್ಲ.

“ಕೀಪರ್! ಬಾ!”

ಕೂಗಿದವಳು ಸಮನ್ವಿತಾ, ಅವಳ ಮುಂದೆಯೇ ಆಡುವ ಡಿಫೆಂಡರ್. ಉದ್ದಕ್ಕೆ ಹೊಡೆದ ಚೆಂಡೊಂದು ಪುಟಿಯುತ್ತ ಬರುತ್ತಿತ್ತು, ಹಿಂದೆಯೇ ಎದುರಾಳಿ ಆಟಗಾರ್ತಿ. ಮೇಘಾ ಬೆಚ್ಚಿ ಓಡಿದಳು. ಎರಡು ಹೆಜ್ಜೆ ಮೊದಲೇ ಓಡಿದ್ದರೆ ಚೆಂಡು ಅವಳದಾಗುತ್ತಿತ್ತು. ಅವಳು ಬರಲಿಲ್ಲವೆಂದು ಸಮನ್ವಿತಾ ತಾನೇ ಚೆಂಡಿಗೆ ತಲೆ ಕೊಡಲು ಬಾಗಿದ್ದಳು. ಮೇಘಾಳ ಮಂಡಿ ಅವಳ ಭುಜಕ್ಕೆ ಬಲವಾಗಿ ಬಡಿಯಿತು. ಕಟ್ ಎಂದದ್ದು ಇಬ್ಬರಿಗೂ ಕೇಳಿಸಿತು. ಚೆಂಡು ನಿಧಾನಕ್ಕೆ ಉರುಳಿ ಗೋಲಿನೊಳಗೆ ಹೋಯಿತು.

ಶೈಲಜಾ ಓಡಿ ಬಂದು ಸಮನ್ವಿತಾಳ ತೋಳನ್ನು ಎದೆಗೆ ಒತ್ತಿ ಕಟ್ಟತೊಡಗಿದರು. ಮೇಘಾ ಪಕ್ಕದಲ್ಲಿ ಮೊಣಕಾಲೂರಿದಳು.

“ಮೇಡಂ, ನಾನು ಮಲಗಿಲ್ಲ. ಫಾರ್ಮಲ್ಲಿ ಬರೆದಿದ್ದು ಸುಳ್ಳು. ಎರಡು ದಿನಾನೂ ಸುಳ್ಳು. ನನ್ನನ್ನೂ ಹೊರಗೆ ಕಳ್ಸಿ.”

ಶೈಲಜಾ ಕಟ್ಟುವುದನ್ನು ನಿಲ್ಲಿಸಲಿಲ್ಲ. “ಈಗ ಹೇಳ್ತಿದ್ದೀಯಾ” ಎಂದಷ್ಟೇ ಅಂದರು. ಆಮೇಲೆ ಬೆಂಚಿನತ್ತ ತಿರುಗಿ ಕೈ ಎತ್ತಿ ಯಾಮಿನಿಯನ್ನು ಕರೆದರು.

ಯಾಮಿನಿ ಗ್ಲೌಸ್ ಹಾಕಿಕೊಳ್ಳುತ್ತಲೇ ಬಂದಳು. ಎದುರಾದಾಗ ಮೇಘಾ ತಲೆ ತಗ್ಗಿಸಿದಳು. ಯಾಮಿನಿ ಅವಳ ಬೆನ್ನು ಮುಟ್ಟಿ ಮುಂದೆ ಹೋದಳು. ಉಳಿದ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಅವಳು ಒಂದು ಹೊಡೆತವನ್ನು ಕಣಕಾಲಿನಿಂದ, ಇನ್ನೊಂದನ್ನು ಬೆರಳ ತುದಿಯಿಂದ ತಡೆದಳು. ಪಂದ್ಯ ಒಂದು-ಒಂದರಲ್ಲಿ ಮುಗಿಯಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಭುಜದ ಮೂಳೆ ಮುರಿದಿದೆ, ಆರು ವಾರ ಕೈ ಅಲುಗಾಡಿಸಬಾರದು ಎಂದರು. ಮೇಘಾ ವರಾಂಡದಲ್ಲಿ ಅತ್ತಿತ್ತ ತಿರುಗಿ, ಕೊನೆಗೆ ಒಳಗೆ ಹೋದಳು.

“ನಾನು ಕೂಗಿದ್ದು ಕೇಳಿಸ್ಲಿಲ್ವಾ?” ಎಂದು ಸಮನ್ವಿತಾ ಕೇಳಿದಳು.

“ಕೇಳಿಸ್ತು. ಬೇರೆ ಯಾರನ್ನೋ ಕರೀತಿದ್ದಾರೆ ಅನ್ನಿಸ್ತು.”

ಸಮನ್ವಿತಾ ಗೋಡೆಯ ಕಡೆ ಮುಖ ತಿರುಗಿಸಿದಳು. ಹೊರಗೆ ಕುರ್ಚಿಯ ಮೇಲೆ ಕೂತ ಮೇಘಾಳಿಗೆ ಮೂರು ದಿನದಿಂದ ಬಾರದೆ ಕಾಡಿದ್ದ ನಿದ್ದೆ ಅಲ್ಲೇ, ಎಲ್ಲರೂ ಓಡಾಡುವ ದಾರಿಯಲ್ಲೇ ಬಂದುಬಿಟ್ಟಿತು. ಶೇಖರಪ್ಪ ಬಂದು ಎಬ್ಬಿಸಿದಾಗ ಅವಳಿಗೆ ನಾಚಿಕೆಯಿಂದ ಅಳು ಬಂತು. ಪ್ರೆಸ್ಸಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಬ್ಯಾಗು ಹೆಗಲಿಗೇರಿಸಿಕೊಂಡು, “ನಡಿಯವ್ವಾ” ಎಂದರು.

ಸೋಮವಾರ ವಿಶ್ವನಾಥ್ ಎಲ್ಲರನ್ನೂ ಕೂರಿಸಿ ಮಾತಾಡಿದರು. ಮೇಘಾ ಸುಳ್ಳು ಬರೆದದ್ದು ತಪ್ಪು, ನಾಲ್ಕು ಪಂದ್ಯ ಅವಳು ಹೊರಗೆ ಎಂದರು. ಆಮೇಲೆ, “ಫಿಟ್ ತಾನೆ ಅಂತ ನಾನೂ ಕೇಳ್ದೆ. ಇಲ್ಲ ಅನ್ನೋ ಉತ್ತರ ನನಗೂ ಬೇಕಿರ್ಲಿಲ್ಲ. ಇನ್ಮೇಲೆ ಹೊರದೇಶದಿಂದ ಬಂದೋರನ್ನ ಆಡಿಸ್ಬೇಕೋ ಬೇಡ್ವೋ ಅಂತ ಶೈಲಜಾ ಪರೀಕ್ಷೆ ಮಾಡಿ ಹೇಳ್ತಾರೆ. ನಾನು ಕೇಳಲ್ಲ” ಎಂದರು.

ಮುಂದಿನ ಪಂದ್ಯಗಳಲ್ಲಿ ಗೋಲಿನ ಮುಂದೆ ಯಾಮಿನಿ ನಿಂತಳು. ಪಂದ್ಯಕ್ಕೆ ಮುಂಚೆ ಅವಳತ್ತ ಚೆಂಡು ಹೊಡೆಯುವ ಕೆಲಸ ಮೇಘಾಳದಾಯಿತು. ನಾಲ್ಕು ಪಂದ್ಯ ಮುಗಿದ ಮೇಲೂ ಕೋಚ್ ಅವರನ್ನು ಅದಲು ಬದಲು ಮಾಡಲಿಲ್ಲ. ಮೇಘಾಳಿಗೆ ಅದು ಸುಲಭವಾಗಿರಲಿಲ್ಲ. ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚಿ ಕಟ್ಟುತ್ತಿದ್ದಳು, ಎದ್ದು ಮೈದಾನದ ಗೆರೆಯವರೆಗೆ ಹೋಗಿ ಬರುತ್ತಿದ್ದಳು.

ಭಾನುವಾರಗಳಂದು ಮೆಟ್ರೊ ಹಿಡಿದು, ಬಸ್ಸು ಬದಲಿಸಿ, ಎರಡೂವರೆ ಗಂಟೆ ಪ್ರಯಾಣ ಮಾಡಿ ಚಂದಾಪುರಕ್ಕೆ ಹೋಗುತ್ತಿದ್ದಳು. ಸಮನ್ವಿತಾಳ ಬಾಡಿಗೆ ಮನೆ ಅಲ್ಲಿತ್ತು. ಮೊದಲ ವಾರ ಸಮನ್ವಿತಾ ಬಾಗಿಲು ತೆಗೆದು ಒಳಗೆ ಹೋಗಿ ಟೀವಿ ನೋಡುತ್ತ ಕೂತಳು. ಎರಡನೇ ವಾರ ನೀರು ಕೊಟ್ಟಳು. ಮೂರನೇ ವಾರ ಮೇಘಾ ಹೋದಾಗ ಅವಳು ಒಂದು ಕೈಯಲ್ಲಿ ಬಾಚಣಿಗೆ ಹಿಡಿದು ಗಂಟು ಬಿದ್ದ ಕೂದಲಿನ ಜೊತೆ ಒದ್ದಾಡುತ್ತಿದ್ದಳು. ಅವಳ ಅಮ್ಮ ಕೆಲಸಕ್ಕೆ ಹೋಗಿದ್ದರು.

“ಕೊಡು” ಎಂದಳು ಮೇಘಾ.

ಸಮನ್ವಿತಾ ಸ್ವಲ್ಪ ಯೋಚಿಸಿ ಬಾಚಣಿಗೆ ಕೊಟ್ಟಳು, ಬೆನ್ನು ಮಾಡಿ ನೆಲದ ಮೇಲೆ ಕೂತಳು.

“ಬಿಗಿಯಾಗಿ ಹಾಕು. ಸಡಿಲ ಜಡೆ ನನಗಾಗಲ್ಲ.”

ಮೇಘಾ ಕೂದಲನ್ನು ಮೂರು ಎಳೆ ಮಾಡಿದಳು. ಹೊಸೂರು ರಸ್ತೆಯ ಹಾರ್ನ್ ಸದ್ದು ಕಿಟಕಿಯಿಂದ ಬರುತ್ತಿತ್ತು.

“ಆ ವಿಮಾನದಲ್ಲಿ ಅಷ್ಟು ಹೊತ್ತು ನೀವೆಲ್ಲ ಏನ್ ಮಾಡ್ತೀರಾ?” ಎಂದು ಸಮನ್ವಿತಾ ತಿರುಗದೆಯೇ ಕೇಳಿದಳು. ಮೇಘಾ ಹೇಳತೊಡಗಿದಳು.