ಅತ್ತೆಗೆ ಹೊದಿಸಿದ ಶಾಲು

ಲಕ್ಷ್ಮಿದೇವಿಗೆ ಅನುಮಾನ ಜಾಸ್ತಿ ಅಂತ ಊರೇ ಆಡಿಕೊಳ್ಳುತ್ತದೆ. ಹೌದು, ಜಾಸ್ತಿಯೇ. ಪಂಚಾಯಿತಿ ಅಧ್ಯಕ್ಷೆಯಾದ ಮೇಲಂತೂ ಯಾರಾದರೂ ‘ಅಮ್ಮಾ’ ಎಂದು ಮೆತ್ತಗೆ ಕರೆದರೆ ಸಾಕು, ಇವನಿಗೇನೋ ಬೇಕಾಗಿದೆ ಎಂದು ನನ್ನ ಕಿವಿ ನೆಟ್ಟಗಾಗುತ್ತದೆ.

ನಮ್ಮ ಕಲ್ಲುಕಟ್ಟೆಹುಂಡಿ ಪಂಚಾಯಿತಿಯನ್ನು ಮುಚ್ಚಿ ಊರನ್ನು ಗುಂಡ್ಲುಪೇಟೆ ಪಟ್ಟಣಕ್ಕೆ ಸೇರಿಸುತ್ತಾರಂತೆ ಎಂಬ ಸುದ್ದಿ ಬಂದಾಗ ನನಗೆ ಮೊದಲು ಹೊಳೆದದ್ದು ನೀರು. ನಮ್ಮ ನೀರುಗಂಟಿ ಕೆಂಪಯ್ಯ ಯಾರ ಮನೆಯಲ್ಲಿ ಸಾವು, ಯಾರ ಮನೆಯಲ್ಲಿ ಬಾಣಂತಿ ಎಂದು ನೋಡಿ ವಾಲ್ವ್ ತಿರುಗಿಸುವವನು. ಅದು ಪಟ್ಟಣದವರ ಕೈಗೆ ಹೋದರೆ ನಮ್ಮ ಕೆಳಗಿನ ಬೀದಿಯನ್ನು ಕೇಳುವವರು ಯಾರು?

“ಗ್ರಾಮಸಭೆ ಒಪ್ಪದೆ ನಾವೇನೂ ಮಾಡಲ್ಲಮ್ಮ” ಎಂದರು ದಿಲೀಪ್ ಸಾಹೇಬರು. ಈ ಸೇರ್ಪಡೆಯ ಕೆಲಸಕ್ಕೆಂದೇ ಮೇಲಿನಿಂದ ಬಂದಿದ್ದ ಅಧಿಕಾರಿ. ಆ ನಯ ಕೇಳಿದ್ದೇ ನನ್ನ ತಲೆಗೆ ಹುಳ ಬಿಟ್ಟಂತಾಯಿತು. ಸಭೆಗೆ ಮುಂಚೆ ಮನೆಮನೆಗೂ ಹೋದೆ.

“ಯಾವ ಕಾಗ್ದುಕ್ಕೂ ಹೆಬ್ಬೆಟ್ಟು ಒತ್ಬ್ಯಾಡಿ. ಕೈ ಎತ್ತಿ ಅಂದ್ರೆ ಎತ್ಬ್ಯಾಡಿ. ಬಿಸ್ಕತ್ತು ಕೊಟ್ರೂ ಮುಟ್ಬ್ಯಾಡಿ ಕಣ್ರಪ್ಪಾ.”

ಜನ ಹೇಳಿದ ಹಾಗೇ ನಡೆದುಕೊಂಡರು. ಹಾಜರಿಗೆ ಸಹಿ ಹಾಕಿ ಎಂದರೆ ಪೆನ್ನನ್ನು ಹಾವು ಕಂಡ ಹಾಗೆ ನೋಡಿದರು. ಸಾಹೇಬರ ಕಡೆಯವನೊಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ. ಅದಕ್ಕೆ ಯಾರು ಹೆದರುತ್ತಾರೆ, ಮಾಡಿಕೊಳ್ಳಲಿ ಅಂದುಕೊಂಡೆ. ಸಾಹೇಬರು ಊರು ಸೇರಿಸುವ ಠರಾವು ಓದಿ, “ಒಪ್ಪಿಗೆಯಾ?” ಎಂದರು. ಎಲ್ಲರೂ ಕೈಕಟ್ಟಿ ಕೂತಿದ್ದರು. ಕೆಂಪಯ್ಯ ನನ್ನತ್ತ ನೋಡಿ ಮೀಸೆಯೊಳಗೇ ನಕ್ಕ.

ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲ. “ಇರಲಿ, ಊರಿನ ಹಿರಿಯರಿಗೆ ಒಂದು ಸನ್ಮಾನ ಮಾಡೋಣ” ಎಂದು ನಮ್ಮತ್ತೆ ಚಿಕ್ಕಬಸಮ್ಮನವರನ್ನು ಕರೆದು, ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿದರು. ಕಂಡವರ ಚೆಂಡುಹೂವಿನ ಹೊಲದಲ್ಲಿ ಬಗ್ಗಿ ಬಗ್ಗಿ ನಡುವೇ ನೆಟ್ಟಗಾಗದ ಜೀವ ಅದು. ಯಾರ ಜಗಲಿಯಲ್ಲೂ ಕೂತ್ಕೋ ಅನ್ನಿಸಿಕೊಂಡದ್ದಿಲ್ಲ. ನನಗೆ ಕಣ್ಣು ತುಂಬಿ ಬಂತು, ಜೋರಾಗಿ ಚಪ್ಪಾಳೆ ತಟ್ಟಿದೆ. ನಾನು ತಟ್ಟಿದ್ದೇ ಊರಿಗೆ ಊರೇ ತಟ್ಟಿತು.

ಮುಂದಿನ ತಿಂಗಳು, ಗ್ರಾಮಸಭೆ ಒಪ್ಪಿದೆ, ಊರು ಪಟ್ಟಣಕ್ಕೆ ಸೇರಿದೆ ಎಂದು ಆದೇಶ ಬಂತು. ವಾಲ್ವಿಗೆ ಪಟ್ಟಣದವರ ಬೀಗ ಬಿತ್ತು.

ಅತ್ತೆಯನ್ನೂ ಕರೆದುಕೊಂಡು ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ಸಾಹೇಬರ ಮೇಜಿನ ಮುಂದೆ ನಿಂತು ಕೂಗಾಡಿದೆ. ಅವರು ಮೊಬೈಲನ್ನು ನಮ್ಮ ಕಡೆ ತಿರುಗಿಸಿದರು. ವಿಡಿಯೋದಲ್ಲಿ ಸಾಹೇಬರು ಠರಾವು ಓದಿ “ಒಪ್ಪಿಗೆಯಾ?” ಎನ್ನುತ್ತಾರೆ. ಅದರ ಬೆನ್ನಿಗೇ ಜನ ಚಪ್ಪಾಳೆ ತಟ್ಟುತ್ತಾರೆ. ಎಲ್ಲರಿಗಿಂತ ಮುಂದೆ ನಾನು.

“ಅದು ನಮ್ಮತ್ತೆ ಸನ್ಮಾನುಕ್ಕೆ ತಟ್ಟಿದ್ದು ಸಾ! ಮಧ್ಯದ್ದೆಲ್ಲ ಕಿತ್ತಾಕ್ಬುಟ್ಟಿದ್ದೀರಿ!”

“ಯಾವ ಸನ್ಮಾನಮ್ಮ?”

ದೊಡ್ಡ ಕಚೇರಿಗೆ ಹೋಗುವುದೆಂದು ಅತ್ತೆ ಅದೇ ಶಾಲು ಹೊದ್ದು ಬಂದಿದ್ದರು. ಮೊಬೈಲಿನ ಹತ್ತಿರಕ್ಕೆ ಮುಖ ತಂದು, ಕಣ್ಣು ಕಿರಿದು ಮಾಡಿ ಹುಡುಕಿದರು.

“ನಾನೆಲ್ಲಿವ್ನಿ ಲಕ್ಷ್ಮೀ, ಇದ್ರಲ್ಲಿ?”