ಯಶೋದಮ್ಮನ ರಾಗ

ಚಿಕ್ಕರಸಿನಕೆರೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಯಶೋದಮ್ಮ ಬಂದು ದನಿ ತೆಗೆಯುವವರೆಗೆ ಅದು ಸಾವಿನ ಮನೆ ಅನ್ನಿಸುತ್ತಿರಲಿಲ್ಲ. ಸತ್ತವರ ಗುಣವನ್ನೆಲ್ಲ ರಾಗವಾಗಿ ಹೇಳಿಕೊಂಡು ಅಳುವುದರಲ್ಲಿ ಸುತ್ತಲಿನ ಹಳ್ಳಿಗೆಲ್ಲ ಅವಳೊಬ್ಬಳೇ. ಆ ಅಳುವನ್ನೇ ಮಗಳು ನಾಗಮಣಿ ಟೀವಿಗೆ ಹೊತ್ತುಕೊಂಡು ಹೋದಳು. ಕಾಮಿಡಿ ಶೋನಲ್ಲಿ ಸತ್ತ ಕೋಳಿಯ ಮುಂದೆ, ಕೆಟ್ಟ ಮಿಕ್ಸಿಯ ಮುಂದೆ ಎದೆ ಬಡಿದುಕೊಂಡು "ನನ್ ಬಂಗಾರವೇ, ನನ್ ಬುಟ್ಟು ಓದ್ಯಲ್ಲೋ" ಎಂದು ಎಳೆದರೆ ಸಾಕು, ಜಡ್ಜುಗಳು ಕುರ್ಚಿಯಿಂದ ಬೀಳುವುದೊಂದು ಬಾಕಿ. ವರ್ಷಗಟ್ಟಲೆ ಅದೇ ಅನ್ನ ಹಾಕಿತು. ಬೇರೆ ಪಾತ್ರ ಕೊಡಿ ಎಂದು ಬೇಡಿದರೂ ಯಾರೂ ಕೊಡಲಿಲ್ಲ.

ಯಶೋದಮ್ಮ ಬೇಜಾರು ಮಾಡಿಕೊಂಡಳೆಂದು ತಿಳಿಯಬೇಡಿ. ಫೋನಿನಲ್ಲೇ ತಿದ್ದುತ್ತಿದ್ದಳು.

"ಕೊನೇಲಿ ಇನ್ನೊಸಿ ಎಳಿ ಕಣವ್ವ. ಉಸ್ರು ಕಟ್ಟೋ ಗಂಟ ಎಳೀಬೇಕು."

ಮೊನ್ನೆ ಮಂಗಳವಾರ ಆ ಯಶೋದಮ್ಮನೇ ಹೋಗಿಬಿಟ್ಟಳು.

ತವರಿನ ಸಾವಿಗೆ ಹೆಣ್ಣುಮಗಳು ಬೀದಿಯ ಮೂಲೆಯಿಂದಲೇ ಹೇಳಿಕೊಂಡು ಅಳುತ್ತ ಬರಬೇಕು, ಅದು ಅಲ್ಲಿಯ ರೂಢಿ. ಮದ್ದೂರಿನಿಂದ ಬಂದ ಆಟೋ ಇಳಿದ ನಾಗಮಣಿಗೆ ರೂಢಿಯ ನೆನಪೆಲ್ಲಿ, ಹೊಟ್ಟೆಯೊಳಗಿನ ಸಂಕಟ ತಾನಾಗಿ ಬಾಯಿಗೆ ಬಂತು. ಅವ್ವನಿಗೆ ಒಂದೇ ಒಂದು ಸಲ, ಕ್ಯಾಮೆರಾ ಇಲ್ಲದೆ, ಅವಳದೇ ರಾಗದಲ್ಲಿ ಅಳಬೇಕು. ಅಷ್ಟೇ ಅವಳಿಗೆ ಬೇಕಿದ್ದುದು.

"ನನ್ನೆತ್ತವ್ವೋ, ನನ್ ಬುಟ್ಟು ಓದ್ಯಲ್ಲವ್ವೋ..."

ಚಪ್ಪರದಡಿ ಯಾರೋ ಕಿಸಕ್ಕೆಂದರು. ಇನ್ನೊಬ್ಬಳು ಸೆರಗಿನೊಳಗೆ ನಕ್ಕಳು. ಆಮೇಲೆ ತಡೆಯಲಾಗಲಿಲ್ಲ, ಹೆಣದ ತಲೆದೆಸೆಯಲ್ಲಿ ಕೂತವರ ಭುಜಗಳೂ ಕುಲುಕಿದವು. ಮೊಬೈಲುಗಳು ಮೇಲೆದ್ದವು. ಪಾಪ, ಅವರೇನು ಕೆಟ್ಟವರಲ್ಲ. ಆ ದನಿ ಕೇಳಿದರೆ ನಗಬೇಕೆಂದು ಅವರಿಗೆ ಅಭ್ಯಾಸ ಮಾಡಿಸಿದವಳು ಇವಳೇ ತಾನೆ.

ನಾಗಮಣಿ ಬಾಯಿಗೆ ಸೆರಗು ತುರುಕಿಕೊಂಡಳು. ಅವ್ವನ ಕಾಲ ಬಳಿ ಕೂತವಳು ಹೆಣ ಎತ್ತುವ ತನಕ ತುಟಿ ಎರಡು ಮಾಡಲಿಲ್ಲ.

"ಅತ್ಬುಡವ್ವ, ಒಳ್ಗೇ ಮಡಿಕಬ್ಯಾಡ" ಎಂದು ಚಿಕ್ಕವ್ವ ಚಿಕ್ಕಲಕ್ಷ್ಮಮ್ಮ ಬೆನ್ನು ಸವರಿದಳು. ಎದೆ ಒಡೆದುಹೋಗುವಂತಿತ್ತು. ಆದರೆ ಬಾಯಿ ತೆರೆದರೆ ಅವ್ವನ ಮುಂದೆ ಮತ್ತೆ ನಗುತ್ತಾರೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಸಂಜೆ ಮಣ್ಣು ಮಾಡಿ ಬಂದು ಹಿತ್ತಲಲ್ಲಿ ಕೈಕಾಲು ತೊಳೆಯುವಾಗ ಗೋಡೆಯಾಚೆ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು.

"ಊರೋರ್ಗೆಲ್ಲ ಅತ್ತೋಳು ಕಣಮ್ಮ ಯಸೋದಕ್ಕ. ಅವ್ಳಿಗೆ ಅಳೋರೇ ಇಲ್ದಂಗಾಯ್ತು."

"ಮಗ್ಳು ನೋಡು, ಕೋಳಿ ಸತ್ರೆ ಅಷ್ಟ್ ಅಳ್ತಾಳೆ. ಎತ್ತವ್ವನ್ಗೆ ಒಂದ್ ಸೊಲ್ಲು ಎತ್ನಿಲ್ಲ."

ನಾಗಮಣಿ ಚೊಂಬಿನಲ್ಲಿ ಉಳಿದ ನೀರನ್ನು ಕಾಲಿಗೆ ಸುರಿದುಕೊಂಡು ಒಳಗೆ ಹೋದಳು.