ಇಬ್ಬರ ಚೌಕಾಸಿ

"ನಿನ್ನ ಬಾಯಾಗ ಮಣ್ಣು ಹಾಕ, ತುಸು ತಡಿ ಅಂದ್ರ ತಿಳಿಯಂಗಿಲ್ಲೇನು? ಅಂವ ಸೋಲಾಕ ಬಂದಾನ" ಎಂದು ಶಂಕ್ರೆಪ್ಪ ಗಾಜಿನ ಮೇಜಿನ ಮೇಲೆ ಗುದ್ದಿದ. ನೀರಿನ ಬಾಟಲಿ ಉರುಳಿ ಕೆಳಗೆ ಬಿತ್ತು.

"ನಿಮ್ಮ ನಾಲಿಗಿ ಸೇದಿ ಹೋಗ್ಲಿ" ಎಂದು ಮರಗಮ್ಮ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ ಅಷ್ಟೇ ಜೋರಾಗಿ ಅಂದಳು. "ಟಯರ್ ಸವದಾವು ಅಂತ ಇನ್ನೊಮ್ಮೆ ಒದರ್ರಿ. ಆ ಮಾತು ಬಂದಾಗೊಮ್ಮೆ ಅಂವನ ಮಾರಿ ಸಣ್ಣ ಆಗ್ತದ."

ಭಾಷೆ ತಿಳಿಯದವರು ಯಾರೇ ನೋಡಿದರೂ ಗಂಡ ಹೆಂಡತಿ ಇನ್ನೇನು ಜುಟ್ಟು ಹಿಡಿದು ಬಡಿದಾಡುತ್ತಾರೆ ಎಂದುಕೊಳ್ಳಬೇಕು, ಹಾಗಿತ್ತು ಅವರ ದನಿ. ಎದುರು ಕುಳಿತಿದ್ದ ಸೇಲ್ಸ್‌ಮನ್ ಬಗ್ಗಿ ಬಾಟಲಿ ಎತ್ತಿಟ್ಟ. ಮೂವತ್ತರ ಆಸುಪಾಸಿನ, ಎಣ್ಣೆ ಹಚ್ಚಿ ತಲೆ ಬಾಚಿದ, ಮೆತ್ತನೆಯ ಮಾತಿನ ಮನುಷ್ಯ. ಯೋಗೀಶ್ ಎಂದು ಹೆಸರು ಹೇಳಿಕೊಂಡಿದ್ದ. ಮರಾಠಿಯವನೇ ಇರಬೇಕು ಎಂದು ಇಬ್ಬರೂ ಲೆಕ್ಕ ಹಾಕಿದ್ದರು.

ಠಾಣೆ ಶಹರದ ಘೋಡಬಂದರ್ ರಸ್ತೆಯ ಈ ಅಂಗಡಿಯಲ್ಲಿ ಸಾಹುಕಾರರು ಓಡಿಸಿ ಬಿಟ್ಟ ದೊಡ್ಡ ಕಾರುಗಳನ್ನು ತೊಳೆದು ತಿಕ್ಕಿ, ಹೊಸ ಮದುಮಗನಂತೆ ಸಿಂಗರಿಸಿ ಮಾರುತ್ತಿದ್ದರು. ಶಂಕ್ರೆಪ್ಪ ಕಣ್ಣು ಹಾಕಿದ್ದು ಮೂಲೆಯಲ್ಲಿದ್ದ ಕಪ್ಪು ಕಾರಿನ ಮೇಲೆ. ಬಿಲ್ಡರೊಬ್ಬ ನಾಲ್ಕು ವರ್ಷ ಓಡಿಸಿದ್ದ ಜರ್ಮನ್ ಗಾಡಿ. ಹಿಂದಿನ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡರೆ ಹೊರಗಿನ ಗದ್ದಲ ಕತ್ತರಿಸಿ ಇಟ್ಟಂತೆ ನಿಂತುಬಿಡುತ್ತಿತ್ತು.

ಅವನಿಗೆ ಅಂಥ ಗಾಡಿ ಬೇಕಾಗಿದ್ದಕ್ಕೆ ಕಾರಣವಿತ್ತು. ಸಿಂದಗಿ ಕಡೆಯ ಹಳ್ಳಿಯಿಂದ ಬಂದು ಭಿವಂಡಿಯ ಗೋದಾಮಿನಲ್ಲಿ ಬೆನ್ನ ಮೇಲೆ ಮೂಟೆ ಹೊತ್ತವನು ಈಗ ಅದೇ ಗೋದಾಮುಗಳಿಗೆ ಹಮಾಲರನ್ನು ಒದಗಿಸುವ ಗುತ್ತಿಗೆದಾರ. ಆದರೆ ಗೇಟಿನ ಕಾವಲುಗಾರರಿಗೆ ಅದು ಬೇಕಾಗಿಲ್ಲ. ಮೋಟರ್ ಸೈಕಲ್ ಮೇಲೆ ಹೋದರೆ ಬಿಸಿಲಲ್ಲಿ ನಿಲ್ಲಿಸಿ ಯಾರು, ಎಲ್ಲಿಂದ, ಯಾಕೆ ಎಂದು ಕೇಳುತ್ತಾರೆ. ಹಿಂದೆ ಬಂದ ದೊಡ್ಡ ಕಾರಿಗೆ ಮಾತಿಲ್ಲದೆ ಅಡ್ಡಗೋಲು ಎತ್ತುತ್ತಾರೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಮನುಷ್ಯನಿಗೆ ಇದನ್ನು ಎಷ್ಟು ದಿನ ನುಂಗಲು ಆದೀತು?

ಚೌಕಾಸಿಯಲ್ಲಿ ಗಂಡ ಹೆಂಡತಿಗೆ ಒಂದು ಪದ್ಧತಿ ಇತ್ತು. ಅಂಗಡಿಯವನಿಗೆ ಕೇಳಿಸಬೇಕಾದ ಜಗಳ ಹಿಂದಿಯಲ್ಲಿ. ಅದರ ನಡುವೆ ತಮ್ಮತಮ್ಮಲ್ಲಿ ಆಡಿಕೊಳ್ಳಬೇಕಾದ ಆಲೋಚನೆ ಕನ್ನಡದಲ್ಲಿ, ಅದೇ ಸಿಟ್ಟಿನ ದನಿಯಲ್ಲಿ. ಬೈಗುಳದಲ್ಲಿ ಸುತ್ತಿ, ಇನ್ನೂ ಇಳಿಯುತ್ತಾನೆ, ಈಗ ಸಾಕು, ಆ ಗೀರು ತೋರಿಸು ಎಂದೆಲ್ಲ ಹೇಳಿಕೊಳ್ಳುತ್ತಿದ್ದರು. ಕೊನೆಗೆ ಶಂಕ್ರೆಪ್ಪ ಕುರ್ಚಿ ಒದ್ದು ಎದ್ದು ಹೋಗುತ್ತಿದ್ದ. ಅವಳು ಕಣ್ಣೀರು ತೆಗೆದು, ನನ್ನ ಗಂಡ ಇಂಥವನು, ನೀವೇ ಒಂದು ದಾರಿ ಮಾಡಿ ಅಣ್ಣಾ ಎನ್ನುತ್ತಿದ್ದಳು. ಅವನು ಹೊರಗೆ ಪಾನ್ ಅಂಗಡಿಯ ಮುಂದೆ ನಿಂತಿರುತ್ತಿದ್ದ. ದರ ಇಳಿದ ಕೂಡಲೇ ಅವಳಿಂದ ಎರಡು ಮಿಸ್ಡ್ ಕಾಲ್ ಬರುತ್ತಿತ್ತು. ಅವನು ಮುಖ ಗಂಟಿಕ್ಕಿಕೊಂಡೇ ವಾಪಸು ಬರುತ್ತಿದ್ದ. ಡೊಂಬಿವಲಿಯ ಮನೆ, ಅಟ್ಟದ ಮೇಲಿನ ತಾಮ್ರದ ಹಂಡೆ, ಅವಳ ಕೊರಳಿನ ಸರ ಎಲ್ಲ ಹೀಗೆಯೇ ಬಂದದ್ದು.

ಆ ಮನೆಯಲ್ಲಿ ಸಾಮಾನು ಹೆಚ್ಚು, ಮಾತು ಕಡಿಮೆ. ಡಬ್ಬಿಯಿಂದಲೇ ತೆಗೆಯದ ಮಿಕ್ಸರ್, ಬಟ್ಟೆ ಒಣಹಾಕಲು ಮಾತ್ರ ಉಪಯೋಗವಾಗುವ ನಿಂತಲ್ಲೇ ನಡೆಯುವ ವ್ಯಾಯಾಮದ ಮಷಿನು, ಇಬ್ಬರೇ ಇದ್ದರೂ ಎಂಟು ಜನ ಕೂರುವ ಊಟದ ಮೇಜು. ಅವನು ಒಂದು ತುದಿಯಲ್ಲಿ ಉಂಡು ಏಳುತ್ತಿದ್ದ, ಅವಳು ಆಮೇಲೆ ಇನ್ನೊಂದು ತುದಿಯಲ್ಲಿ ಉಣ್ಣುತ್ತಿದ್ದಳು. ಮಗಳು ಭಾಗ್ಯಾ ಹೋದ ಮೇಲೆ ಹಾಗಾಯಿತು. ಮೂರು ತುಂಬದ ಕೂಸು. ಭಿವಂಡಿಯ ಚಾಳಿನ ಬಾಡಿಗೆ ಕೋಣೆಯಲ್ಲಿದ್ದಾಗ ಒಂದು ಮಧ್ಯಾಹ್ನ ಜ್ವರ ಏರಿ ಕಣ್ಣು ಮೇಲೆ ಮಾಡಿತು. ಠಾಣೆಯ ದವಾಖಾನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆ ದಿನದ ಬಗ್ಗೆ ಗಂಡ ಹೆಂಡತಿ ಒಂದು ಸಲವೂ ಮಾತಾಡಲಿಲ್ಲ. ಅದನ್ನು ಬಿಟ್ಟು ಬೇರೆ ಮಾತಾಡೋಣವೆಂದರೆ ಬೇರೆ ಮಾತೂ ಹತ್ತಲಿಲ್ಲ. ಏನಾದರೂ ಕೊಳ್ಳುವುದಿದ್ದಾಗ ಮಾತ್ರ ಇಬ್ಬರ ನಾಲಿಗೆಯೂ ಸಡಿಲವಾಗುತ್ತಿತ್ತು. ಅದಕ್ಕೇ ಅವರು ಕೊಳ್ಳುತ್ತಿದ್ದರು.

ಈ ಕಾರಿನ ನೆಪದಲ್ಲಿ ಅವರು ಒಂದು ತಿಂಗಳು ಊರೂರು ಸುತ್ತಿದ್ದರು. ಕಲ್ಯಾಣದಲ್ಲಿ ಒಂದು, ವಾಶಿಯಲ್ಲಿ ಎರಡು ಅಂಗಡಿ. ಒಂದು ಕಡೆ ಅವಳು ಸೀಟನ್ನು ಮೂಸಿ ನೋಡಿ, ನಾಯಿ ಕೂಡಿಸಿದ ಗಾಡಿ ಎಂದು ಹೇಳಿ ಅಂಗಡಿಯವನ ಬಾಯಿ ಮುಚ್ಚಿಸಿದ್ದಳು. ತಿರುಗಿ ಬರುವಾಗ ಲೋಕಲ್ ರೈಲಿನಲ್ಲಿ ಅದನ್ನು ನೆನೆಸಿಕೊಂಡು ಇಬ್ಬರೂ ನಕ್ಕರು. ಎದುರಿನ ಸೀಟಿನವರು ನೋಡುವಷ್ಟು ನಕ್ಕರು. ಅವಳ ಎಡಗಡೆಯ ಹಲ್ಲೊಂದು ಬಿದ್ದಿರುವುದು ಅವನಿಗೆ ಅವತ್ತೇ ಗೊತ್ತಾದದ್ದು.

ಈ ದಿನ ಠಾಣೆ ರೈಲು ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಬರುವಾಗ ಅವಳು ಒಂದೇ ಒಂದು ಮಾತು ಕೇಳಿಕೊಂಡಿದ್ದಳು. "ಕೂಸಿನ ಮಾತು ತಗೀಬ್ಯಾಡ್ರಿ. ಈ ಸಲಾನೂ ತಗದ್ರ ನಿಮ್ಮ ಕೂಡ ನಾ ಇನ್ನ ಎಲ್ಲಿಗೂ ಬರಂಗಿಲ್ಲ." ಅವನು ಹೊರಗೆ ನೋಡುತ್ತ ಹೂಂ ಅಂದಿದ್ದ.

ಅವಳು ಕೇಳಿಕೊಂಡದ್ದಕ್ಕೂ ಕಾರಣವಿತ್ತು. ಡೊಂಬಿವಲಿಯ ಮನೆ ಕೊಳ್ಳುವಾಗ ಬಿಲ್ಡರನ ಗುಮಾಸ್ತ ಕಲ್ಲಿನಂತೆ ಕೂತುಬಿಟ್ಟಿದ್ದ. ಆಗ ಶಂಕ್ರೆಪ್ಪನ ಬಾಯಿಂದ ಹಿಂದಿಯಲ್ಲಿ ಆ ಮಾತು ಮೊದಲ ಸಲ ಬಂತು. ಒಂದು ಕೂಸನ್ನು ನೋಡಿಕೊಳ್ಳಲಾಗದವಳು ನೀನು, ಇಷ್ಟು ದೊಡ್ಡ ಮನೆ ಏನು ನೋಡಿಕೊಳ್ತೀ ಎಂದ. ಗುಮಾಸ್ತನ ಮುಖ ಕಪ್ಪಿಟ್ಟಿತು. ಅವನು ಮರಗಮ್ಮನ ಕಡೆ ನೋಡಲಾರದೆ ಪಾರ್ಕಿಂಗಿನ ದುಡ್ಡು ಬಿಟ್ಟುಕೊಟ್ಟ. ಮನೆಗೆ ಬಂದ ಮೇಲೆ, ವ್ಯಾಪಾರದ ಮಾತು, ಮನಸ್ಸಿಗೆ ಹಚ್ಚಿಕೋಬೇಡ ಎಂದು ಶಂಕ್ರೆಪ್ಪ ಹೇಳಿದ್ದ. ಆಮೇಲೆ ಬಂಗಾರದ ಅಂಗಡಿಯಲ್ಲೂ ಅದನ್ನು ತೆಗೆದ. ಅಲ್ಲೂ ಫಲಿಸಿತು.

ಈಗ ಯೋಗೀಶ್ ಮೂರನೆಯ ಸಲ ಮ್ಯಾನೇಜರನ ಕೋಣೆಗೆ ಹೋಗಿದ್ದ. ಶಂಕ್ರೆಪ್ಪ ಟಯರು ಸವೆದದ್ದನ್ನು ಹೇಳಿ ಆಗಿತ್ತು. ಬಂಪರಿನ ಗೀರಿನ ಮೇಲೆ ಉಗುರು ಎಳೆದು ತೋರಿಸಿಯೂ ಆಗಿತ್ತು. ಗಾಡಿ ಹಿಂದೆಲ್ಲೋ ನೀರಲ್ಲಿ ಮುಳುಗಿರಬೇಕು ಎಂದು ಮರಗಮ್ಮ ಕಾಲಡಿಯ ಹಾಸು ಎತ್ತಿ ಮೂಸಿದ್ದಳು. ದರ ಎರಡು ಮೆಟ್ಟಿಲು ಇಳಿದು ನಿಂತಿತ್ತು. ಇನ್ನೊಂದು ಮೆಟ್ಟಿಲು ಉಳಿದಿತ್ತು. ಅವಳ ಕೆನ್ನೆ ಕೆಂಪೇರಿತ್ತು. ಹಬ್ಬದ ದಿನದ ಹುಡುಗಿಯಂತೆ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು.

ಯೋಗೀಶ್ ಕೋಣೆಯಿಂದ ಹೊರಬಿದ್ದು ಅವರ ಕಡೆ ನಡೆದು ಬರುವುದನ್ನು ಶಂಕ್ರೆಪ್ಪ ನೋಡಿದ. ಬಾಯಿ ಜಾರಿತು ಎಂದರೆ ಸುಳ್ಳಾಗುತ್ತದೆ. ಅವನು ಅಳೆದು, ತೂಗಿ, ಯೋಗೀಶನಿಗೆ ಕೇಳಿಸುವಷ್ಟು ಹತ್ತಿರ ಬರಲಿ ಎಂದು ಕಾದು ಆಡಿದ.

"ಏಕ್ ಬಚ್ಚೀ ತೋ ಸಂಭಾಲ್ ನಹೀ ಸಕೀ ತೂ, ಗಾಡಿ ಮೇ ಬೈಠೇಗೀ?"

ಒಂದು ಕೂಸನ್ನು ನೋಡಿಕೊಳ್ಳಲಾಗದವಳು ಗಾಡಿಯಲ್ಲಿ ಕೂರುತ್ತೀಯಾ ಎಂಬ ಆ ಮಾತಿಗೆ ಯೋಗೀಶ್ ನಡೆಯುತ್ತಿದ್ದವನು ನಿಂತ. ಪಕ್ಕದ ಮೇಜಿನಲ್ಲಿ ಕಾಗದ ತುಂಬುತ್ತಿದ್ದ ಹೆಂಗಸು ತಲೆ ಎತ್ತಿದಳು. ಈಗ ಮರಗಮ್ಮ ಅಳಬೇಕು. ಅವಳು ಅಳಲಿಲ್ಲ. ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ಗಂಡನ ಮುಖವನ್ನು ನೋಡಿದಳು. ಆಮೇಲೆ ಕನ್ನಡದಲ್ಲಿ, ಸಿಟ್ಟಿನ ದನಿ ಹಚ್ಚದೆ, ಮನೆಯಲ್ಲಿ ನೀರು ಕೇಳುವಷ್ಟು ಸಣ್ಣಗೆ ಅಂದಳು.

"ಅವತ್ತು ಆ ರಿಕ್ಷಾದಂವಗ ಭಾಳ ರೊಕ್ಕ ಕೇಳ್ತಿ, ಹೋಗು ಅಂದವರು ನೀವು. ಇನ್ನೊಂದು ಬರೂತನಕಾ ಕೂಸಿನ್ನ ಹಿಡಕೊಂಡು ರಸ್ತಾದಾಗ ನಿಂತಾಕಿ ನಾನು."

ಎದ್ದಳು. ಕುರ್ಚಿಯನ್ನು ಮೇಜಿನ ಒಳಕ್ಕೆ ಸರಿಸಿದಳು. ಕೈಚೀಲ ಎತ್ತಿಕೊಂಡು, ಸಾಲಾಗಿ ನಿಂತ ಕಾರುಗಳ ನಡುವೆ ಹಾದು, ಗಾಜಿನ ಬಾಗಿಲು ತಳ್ಳಿ ಹೊರಗೆ ಹೋದಳು.

ಇಷ್ಟು ವರ್ಷದ ಅಭ್ಯಾಸ ಶಂಕ್ರೆಪ್ಪನ ಮುಖವನ್ನು ಗಟ್ಟಿಯಾಗಿ ಹಿಡಿದಿತ್ತು. ಇವತ್ತು ತನ್ನ ಬದಲು ಅವಳೇ ಎದ್ದು ಹೋಗುವ ಆಟ ಹೂಡಿದ್ದಾಳೆ, ಶಾಣ್ಯಾಕಿ, ಎಂದು ತನಗೇ ಹೇಳಿಕೊಂಡ. ಯೋಗೀಶನ ಕಡೆ ತಿರುಗಿ, ನೋಡಪ್ಪಾ, ನಿಮ್ಮ ದರಕ್ಕೆ ನನ್ನ ಸಂಸಾರ ಮುರೀತು, ಈಗೇನು ಹೇಳ್ತೀ ಎಂದು ಹಿಂದಿಯಲ್ಲಿ ಗದರಿದ.

ಯೋಗೀಶ್ ಕುಳಿತುಕೊಂಡು ದರ ಹೇಳಿದ. ಅವರು ಬೇಕು ಎಂದದ್ದಕ್ಕಿಂತಲೂ ಒಂದು ಕೂದಲೆಳೆ ಕಡಿಮೆಯೇ ಇತ್ತು.

ಶಂಕ್ರೆಪ್ಪ ಗೆದ್ದ ನಗೆಯನ್ನು ಮೀಸೆಯಡಿ ಅದುಮಿಕೊಂಡು ಜೇಬಿನಿಂದ ಮೊಬೈಲ್ ತೆಗೆದ. ಮರಗಮ್ಮ ಗಾಜಿನಾಚೆ ಕಾಣುತ್ತಿದ್ದಳು. ರಸ್ತೆ ದಾಟಿ, ಮೆಟ್ರೊ ಕಂಬಗಳ ಆಚೆ, ಬಸ್ ಸ್ಟಾಪಿನಲ್ಲಿ ನಾಲ್ಕಾರು ಜನರ ನಡುವೆ ನಿಂತಿದ್ದಳು. ಅವನು ಒಂದು ಮಿಸ್ಡ್ ಕಾಲ್ ಕೊಟ್ಟ. ಅವಳು ಚೀಲದಿಂದ ಫೋನ್ ತೆಗೆಯುವುದು ಇಲ್ಲಿಂದಲೇ ಕಂಡಿತು. ಇನ್ನೊಂದು ಕೊಟ್ಟ. ಅವಳು ಫೋನನ್ನು ನೋಡಿದಳು. ಚೀಲದೊಳಗೆ ಹಾಕಿ ಜಿಪ್ಪು ಎಳೆದಳು.

"ಕಾಕಾ" ಎಂದ ಯೋಗೀಶ್.

ಶಂಕ್ರೆಪ್ಪ ರಸ್ತೆಯಾಚೆಗೇ ನೋಡುತ್ತಿದ್ದ.

"ಕಾಕಾ, ನಮ್ಮ ಆಯಿ ಜಮಖಂಡಿದಾಕಿ. ನಂಗ ಮಾತಾಡಾಕ ಅಷ್ಟು ಬರೂದಿಲ್ಲ, ಲೇಕಿನ್ ಸಮಝ್ತಾ ಹೈ, ತಿಳೀತದ."

ಆಗ ಶಂಕ್ರೆಪ್ಪ ತಿರುಗಿದ. ಸೋಲಲು ಬಂದಾನೆ, ಮುಖ ಸಣ್ಣ ಆಗ್ತದೆ, ಇನ್ನೊಮ್ಮೆ ಒದರ್ರಿ. ಮುಂಜಾನೆಯಿಂದ ಗಂಡ ಹೆಂಡತಿ ಆಡಿಕೊಂಡದ್ದೆಲ್ಲ ಈ ಮನುಷ್ಯನ ಕಿವಿಗೆ ಬಿದ್ದಿತ್ತು. ಕೊನೆಯ ಮಾತೂ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಶಂಕ್ರೆಪ್ಪ ಅವನ ಕೊರಳಪಟ್ಟಿಗೆ ಕೈ ಹಾಕುತ್ತಿದ್ದ. ಯೋಗೀಶ್ ಹಿಂದಿಗೆ ಹೊರಳಿ, ಮೇಜಿನ ಕಡೆ ನೋಡುತ್ತ, ಮ್ಯಾನೇಜರ್ ಆಗಲೇ ಒಪ್ಪಿದ್ದರು, ಅದನ್ನು ಹೇಳಲೆಂದೇ ಬರುತ್ತಿದ್ದೆ, ಅಷ್ಟರಲ್ಲಿ ನೀವು ಆ ಮಾತು ಅಂದುಬಿಟ್ಟಿರಿ ಎಂದ. ಮತ್ತೆ ಕನ್ನಡಕ್ಕೆ ಬಂದ.

"ಮಾವಶಿ ಖರೇನ ಹೋಗ್ಯಾರ. ನೀವು ಹೋಗ್ರಿ, ಕರಕೊಂಡು ಬರ್ರಿ. ಗಾಡಿ ನಾ ಯಾರಿಗೂ ಕೊಡಾಂಗಿಲ್ಲ."

ಹೋಗಬೇಕೆಂದರೆ ನೂರು ಹೆಜ್ಜೆಯೂ ಇರಲಿಲ್ಲ. ಶಂಕ್ರೆಪ್ಪ ಕುರ್ಚಿಯ ಕೈ ಹಿಡಿದು ಅರ್ಧ ಎದ್ದ. ಹೋಗಿ ಏನು ಹೇಳುವುದು? ದರ ಇಳಿದಿದೆ ಬಾ ಎನ್ನುವುದೊಂದು ಬಿಟ್ಟರೆ ಅವಳನ್ನು ಕರೆಯಲು ಅವನ ಹತ್ತಿರ ಇನ್ನೊಂದು ಮಾತು ಇರಲಿಲ್ಲ. ಅವನು ಮತ್ತೆ ಕುಳಿತ.

"ಟಯರ್ ನಾಕೂ ಹೊಸಾವು ಹಾಕಿಸಿ ಕೊಡಬೇಕು" ಎಂದ.

"ಕೊಡೂಣು ಕಾಕಾ."

ಆಚೆ ಠಾಣೆ ಸ್ಟೇಷನ್ನಿಗೆ ಹೋಗುವ ಬಸ್ಸು ಬಂದು ಸ್ಟಾಪಿಗೆ ಅಡ್ಡವಾಗಿ ನಿಂತಿತು.

"ಸೀಟಿಗೆ ಕವರು."

"ಹೂಂ."

"ಆ ಗೀರು ತಗಸಬೇಕು. ಬಣ್ಣ ಹಚ್ಚಿದ್ದು ಗೊತ್ತಾಗಬಾರದು."

ಅದಕ್ಕೂ ಯೋಗೀಶ್ ಹೂಂ ಅಂದ. ಶಂಕ್ರೆಪ್ಪನ ದನಿ ಏರಿತು. ಇನ್ಶೂರೆನ್ಸ್ ಹೆಸರು ಬದಲಿಸುವ ಖರ್ಚು ನಿಮ್ಮದು ಎಂದ, ಟಾಕಿ ತುಂಬಾ ಎಣ್ಣೆ ಹಾಕಿ ಕೊಡಬೇಕು ಎಂದ, ಗಾಡಿಯನ್ನು ಡೊಂಬಿವಲಿಯ ಮನೆ ಬಾಗಿಲಿಗೇ ತಂದು ನಿಲ್ಲಿಸಬೇಕು ಎಂದ. ಒಂದಕ್ಕಾದರೂ ಈ ಮನುಷ್ಯ ಆಗುವುದಿಲ್ಲ ಎನ್ನಲಿ ಎಂದು ಕಾದ. ಅವನು ಅನ್ನಲಿಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಬರೆದುಕೊಳ್ಳುತ್ತ ಹೋದ.

ಬಸ್ಸು ಹೊರಟಿತು. ಸ್ಟಾಪಿನಲ್ಲಿ ಒಬ್ಬ ಮುದುಕ ಕೊಡೆ ಊರಿಕೊಂಡು ನಿಂತಿದ್ದ, ಬೇರೆ ಯಾರೂ ಇರಲಿಲ್ಲ.

"ಮತ್ತೇನು ಕಾಕಾ?" ಎಂದು ಯೋಗೀಶ್ ಪೆನ್ನು ಹಿಡಿದು ಕೇಳಿದ.

ಶಂಕ್ರೆಪ್ಪ ಕಾರಿನ ಕಡೆ ತಿರುಗಿದ. ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಮೂಲೆಯಲ್ಲಿ ಒಬ್ಬ ಹೆಂಗಸು ಒದ್ದೆ ಬಟ್ಟೆ ಹಿಡಿದು ಕಪ್ಪು ಕಾರಿನ ಹಿಂದಿನ ಗಾಜನ್ನು ಒರೆಸುತ್ತಿದ್ದಳು. ಒರೆಸಿದ ಕಡೆ ಹೊರಗಿನ ರಸ್ತೆ ಕಾಣುತ್ತಿತ್ತು, ಸಿಗ್ನಲ್ ಬಿಟ್ಟು ಹೊರಟ ಗಾಡಿಗಳು ಒಂದರ ಹಿಂದೆ ಒಂದು ಅದರೊಳಗೆ ಹಾದು ಹೋಗುತ್ತಿದ್ದವು.